ಹಾಲು ಉಕ್ಕದ ಮನೆ

“ಬುದ್ಧಿ, ಎಲ್ಲರನ್ನೂ ಕೇಳಿ, ಎಲ್ಲರಿಗೂ ಬೇಕಾದಂತೆಯೇ ಮಾಡಿದ ಕೆಲಸವೂ ಕೆಡುತ್ತದೆಯೇ?” ಎಂದು ಶಿಷ್ಯ ಶಿವರುದ್ರ ಗುರುಗಳನ್ನು ಕೇಳಿದ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಒಂದು ಕತೆ ಹೇಳಿದರು.

ಮೊಬೈಲಿನಲ್ಲಿ ಆಡುವ ಆಟಗಳನ್ನು ಮಾಡುವವನೊಬ್ಬನಿದ್ದ. ಅಂಥ ಆಟಗಳು ಗೊತ್ತೇ ಇಲ್ಲವೆಂಬಂತೆ ಮುಖ ಮಾಡಬೇಡ, ಶಿವರುದ್ರ. ಮಠದವರ ಜೋಳಿಗೆಯಲ್ಲಿ ಏನೇನಿರುತ್ತದೆ ಎಂದು ನನಗೆ ಗೊತ್ತು.

ಅವನು ಮೊಬೈಲಿನೊಳಗೆ ಒಂದು ಊರು ಕಟ್ಟಿದ. ಆ ಆಟದಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಆಡುವವರಿಗೆ ತಲೆಗೊಂದು ಗೊಂಬೆ, ಗೊಂಬೆಗೊಂದು ಮನೆ, ಮನೆಗೆ ಒಂದೇ ಕೋಣೆ. ಹಿತ್ತಲಲ್ಲಿ ಅವರೆ ಬಿತ್ತಬಹುದು. ಒಲೆಯ ಮೇಲೆ ಸಾರು ಮಾಡಬಹುದು. ನೆರೆಯವರನ್ನು ಊಟಕ್ಕೆ ಕರೆಯಬಹುದು. ನೆರೆಯವರೆಂದರೆ ಎಲ್ಲೋ ದೂರದಲ್ಲಿ ಮೊಬೈಲು ಹಿಡಿದು ಕುಳಿತ ಇನ್ನೊಬ್ಬರೇ. ಮಕ್ಕಳಿಗೆ ಮಾತ್ರ ಮನೆ ಇಲ್ಲ, ಗೊಂಬೆಯಷ್ಟೇ. ಅವರು ದೊಡ್ಡವರ ಮನೆಗೆ ಬಂದು ಹೋಗಬೇಕು. ಇಷ್ಟೇ ಆಟ. ದಿನವಿಡೀ ದುಡಿದು ಸುಸ್ತಾದವರು ಇದನ್ನು ಬಹಳ ಹಚ್ಚಿಕೊಂಡರು.

ಆಡುವವರಲ್ಲಿ ಒಬ್ಬ ತಾಯಿ ಇದ್ದಳು, ಅವಳ ಮಗಳಿದ್ದಳು. ತಾಯಿ ದೊಡ್ಡ ಊರಿನ ಗಾರ್ಮೆಂಟ್ಸೊಂದರಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡಿದ್ದ. ಅವಳಿದ್ದ ಬಾಡಿಗೆ ಕೋಣೆಯನ್ನು ಒಬ್ಬಳಿಗೆ ಎಂದೇ ಕೊಟ್ಟಿದ್ದರು. ಮಗುವನ್ನು ಕರೆತರಬಾರದು, ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮನೆಯ ಯಜಮಾನಿ ಮೊದಲ ದಿನವೇ ಹೇಳಿದ್ದಳು. ಹೀಗಾಗಿ ಹತ್ತು ವರ್ಷದ ಮಗಳು ಬೇರೆ ಊರಿನಲ್ಲಿ ದೊಡ್ಡಮ್ಮನ ಹತ್ತಿರ ಇದ್ದಳು. ತಾಯಿ ಮಗಳು ಮುಖ ನೋಡುತ್ತಿದ್ದುದು ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ.

ಸಂಜೆ ಆರೂವರೆಗೆ ತಾಯಿ ಕೆಲಸದಿಂದ ಬಂದು ಆಟ ತೆರೆಯುತ್ತಿದ್ದಳು. ಅದೇ ಹೊತ್ತಿಗೆ ಮಗಳು ದೊಡ್ಡಮ್ಮನ ಮೊಬೈಲು ಇಸಿದುಕೊಳ್ಳುತ್ತಿದ್ದಳು. ಮಗಳ ಗೊಂಬೆ ತಾಯಿಯ ಮನೆಗೆ ಬರುತ್ತಿತ್ತು. ತಾಯಿಯ ಗೊಂಬೆ ಸಾರು ಬಡಿಸುತ್ತಿತ್ತು. ಎರಡೂ ಗೊಂಬೆಗಳು ಎದುರುಬದುರು ಕುಳಿತು ಉಣ್ಣುತ್ತಿದ್ದವು. ಒಂದು ಗಂಟೆ ಕಳೆದ ಮೇಲೆ ದೊಡ್ಡಮ್ಮ ಮೊಬೈಲು ವಾಪಸು ಕೇಳುತ್ತಿದ್ದಳು. ನಗಬೇಡ. ಆ ಒಂದು ಕೋಣೆ ಬಿಟ್ಟರೆ ಅವರಿಬ್ಬರೂ ಕೂಡಿ ಇರುವುದಕ್ಕೆ ಭೂಮಿಯ ಮೇಲೆ ಬೇರೆ ಸೂರು ಇರಲಿಲ್ಲ.

ಇನ್ನು ಆಟ ಮಾಡಿದವನ ವಿಷಯ. ಅವನು ಒಳ್ಳೆಯವನೇ. ತನ್ನ ಮೂಗಿನ ನೇರಕ್ಕೆ ನಡೆಯುವವನಲ್ಲ. ಪ್ರತಿ ಶನಿವಾರ ಆಡುವವರಿಗೆಲ್ಲ ಒಂದು ಪ್ರಶ್ನೆ ಕಳುಹಿಸುತ್ತಿದ್ದ: ನಿಮಗೆ ಇನ್ನೇನು ಬೇಕು? ಸಾವಿರಾರು ಉತ್ತರಗಳು ಬರುತ್ತಿದ್ದವು. ಅವನ್ನು ವಿಂಗಡಿಸುವುದಕ್ಕೆ ಅವನದೊಂದು ಕ್ರಮವಿತ್ತು. ಒಂದೇ ಮಾತನ್ನು ಹೆಚ್ಚು ಜನ ಹೇಳಿದ್ದರೆ ಅದಕ್ಕೆ ಮೇಲಿನ ಸ್ಥಾನ, ಕಡಿಮೆ ಜನ ಹೇಳಿದ್ದರೆ ಕೆಳಗಿನದು. ಒಬ್ಬರೇ ಒಬ್ಬರು ಹೇಳಿದ ಮಾತುಗಳನ್ನೆಲ್ಲ ಒಟ್ಟುಮಾಡಿ ‘ಇತರೆ’ ಎಂದು ಹೆಸರಿಟ್ಟು ಪಕ್ಕಕ್ಕಿಡುತ್ತಿದ್ದ. ಪುರುಸೊತ್ತಾದಾಗ ನೋಡೋಣ ಎಂದುಕೊಳ್ಳುತ್ತಿದ್ದ. ಪುರುಸೊತ್ತು ಎಂಬುದು ಯಾರಿಗೆ ಆಗಿದೆ?

ಒಂದು ಶನಿವಾರ ಎಲ್ಲಕ್ಕಿಂತ ಮೇಲೆ ನಿಂತ ಮಾತು ಇದು: ಮನೆ ಚಿಕ್ಕದಾಯಿತು, ಅಲಂಕಾರ ಮಾಡಲು ಏನೂ ಇಲ್ಲ.

ಅವನು ಆರು ತಿಂಗಳು ಕುಳಿತು ಮನೆ ಅಲಂಕಾರದ ಹೊಸ ಭಾಗವನ್ನು ಮಾಡಿ ಆಟಕ್ಕೆ ಸೇರಿಸಿದ. ಬೇಕೆಂದವರು ಹಳೆಯ ಮನೆ ಕೊಟ್ಟು ಹೊಸದನ್ನು ಪಡೆಯಬಹುದು. ಹೊಸ ಮನೆ ದೊಡ್ಡದು, ಖಾಲಿ. ಗೋಡೆಗೆ ಬಣ್ಣ, ನೆಲಕ್ಕೆ ಹಾಸು, ಮಂಚ, ಕಪಾಟು, ಕರ್ಟನ್, ಎಲ್ಲವನ್ನೂ ಆಡುವವರೇ ಆರಿಸಿ ಹೊಂದಿಸಬೇಕು. ಆಮೇಲೆ ಅವನು ತನ್ನದೊಂದು ನಿಯಮ ಹಾಕಿದ. ನಮ್ಮ ಕಡೆಯವನಲ್ಲವೇ, ಹೊಸ ಮನೆ ಎಂದ ಮೇಲೆ ಹಾಲು ಉಕ್ಕಿಸದೆ ಇರಲು ಅವನಿಗೆ ಮನಸ್ಸು ಬರಲಿಲ್ಲ. ಮನೆ ಮುಗಿದ ದಿನ ಒಲೆಯ ಮೇಲೆ ಹಾಲು ಉಕ್ಕಿಸಬೇಕು. ಅಲ್ಲಿಯ ತನಕ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಬಂದವರು ಹಣ್ಣಿನ ತಟ್ಟೆ ಹಿಡಿದು ಗೇಟಿನ ಮುಂದೆ ಕಾಯಬೇಕು. ಹಾಲು ಉಕ್ಕಿದ ಮೇಲೆ ಗೋಡೆ ಒಡೆಯುವಂತಿಲ್ಲ, ಬಣ್ಣ ಬದಲಿಸುವಂತಿಲ್ಲ. ಕಟ್ಟಿದ ಮನೆಗೆ ಒಂದು ಮರ್ಯಾದೆ ಇರಲಿ ಎಂದು ಹೀಗೆ ಮಾಡಿದ. ಅದೇ ಎಡವಟ್ಟಾಯಿತು.

ಆಮೇಲೆ ಬದಲಿಸಲಾಗದು ಎಂದರೆ ಯಾರು ತಾನೆ ಬೇಗ ಮುಗಿಸುತ್ತಾರೆ? ಶನಿವಾರ ಶನಿವಾರ ಅಭಿಪ್ರಾಯಗಳು ಬಂದು ಬಿದ್ದವು. ಹೊಸ ಭಾಗ ಬಹಳ ಚೆನ್ನಾಗಿದೆ, ಆದರೆ ಹಾಲು ಉಕ್ಕಿಸುವ ಮೊದಲು ಇನ್ನೂ ಸ್ವಲ್ಪ ಸಾಮಾನು ಕೊಡಿ. ದೇವರ ಕೋಣೆಗೆ ಗಂಟೆ ತೂಗುವ ಬಾಗಿಲು ಕೊಡಿ. ಕೊಟ್ಟ. ಗಂಟೆ ಇದೆ, ಸದ್ದಿಲ್ಲ. ಸದ್ದು ಕೊಟ್ಟ. ಹಸಿರು ಬಣ್ಣ ಗಾಢವಾಯಿತು ಎಂದು ಕೆಲವರು, ತೆಳುವಾಯಿತು ಎಂದು ಕೆಲವರು. ಎರಡು ಪಂಗಡವಾಗಿ ತಿಂಗಳುಗಟ್ಟಲೆ ಕಿತ್ತಾಡಿದರು. ಅವನು ಎರಡು ಹಸಿರನ್ನೂ ಕೊಟ್ಟು, ನಡುವಿನ ಮೂರನೆಯದನ್ನೂ ಕೊಟ್ಟ. ಕೇಳಿದ್ದನ್ನೆಲ್ಲ ಕೊಡುವ ಇಂಥವನು ಸಿಗುವುದೇ ಅಪರೂಪ ಎಂದು ಜನ ಹೊಗಳಿದರು. ಅಷ್ಟರಲ್ಲಿ ಊರಿನ ಬೀದಿ ಏನಾಗಿತ್ತು ಎಂದು ಯಾರೂ ನೋಡಲಿಲ್ಲ. ಪ್ರತಿ ಗೇಟಿನ ಮುಂದೆಯೂ ತಟ್ಟೆ ಹಿಡಿದ ಗೊಂಬೆಗಳು ನಿಂತಿದ್ದವು. ಯಾರ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ.

ಆ ತಾಯಿಯೂ ಹೊಸ ಮನೆ ತೆಗೆದುಕೊಂಡಿದ್ದಳು. ಒಂದು ಮೊಳೆ ಹೊಡೆಯುವ ಹಕ್ಕಿಲ್ಲದವಳ ಕೈಗೆ ಒಂದಿಡೀ ಮನೆಯ ಗೋಡೆಗಳು ಸಿಕ್ಕಿದವು. ಅವಳ ಸಂತೋಷವನ್ನು ನಾನು ಹೇಗೆ ತಪ್ಪೆನ್ನಲಿ? ಮೊದಲು ಮಗಳ ಕೋಣೆ ಎಂದುಕೊಂಡಳು. ಯಾವ ಬಣ್ಣ ಬೇಕು ಎಂದು ಫೋನಿನಲ್ಲಿ ಕೇಳಿದಳು. ಮಗಳು ಹಳದಿ ಎಂದಳು. ತಾಯಿ ಹಳದಿ ಬಳಿದು, ಅದರ ಚಿತ್ರವನ್ನು ಆಟಗಾರರು ಅಭಿಪ್ರಾಯ ಬರೆಯುವ ಜಾಗದಲ್ಲಿ ಹಾಕಿದಳು. ಹಳದಿ ಕಣ್ಣಿಗೆ ಹೊಡೆಯುತ್ತದೆ ಎಂದು ನಾಲ್ಕು ಜನ ಬರೆದರು. ತಾಯಿ ತಿಳಿ ನೀಲಿ ಬಳಿದಳು. ಮಂಚ ಕಿಟಕಿಯ ಕೆಳಗೆ ಇರಬಾರದು ಎಂದರು. ಮಂಚ ಸರಿಸಿದಳು. ಆ ನೀಲಿಗೆ ಈ ಕರ್ಟನ್ ಹೊಂದುವುದಿಲ್ಲ, ಮುಂದಿನ ಶನಿವಾರ ಹೊಸ ಕರ್ಟನ್ ಬರುತ್ತದೆಯಂತೆ, ತಡೆಯಿರಿ ಎಂದರು. ತಡೆದಳು.

ಗೇಟಿನ ಮುಂದೆ ಮಗಳ ಗೊಂಬೆ ದಿನವೂ ಆರೂವರೆಗೆ ಬಂದು ನಿಲ್ಲುತ್ತಿತ್ತು. ಒಳಗಿನದು ಅದಕ್ಕೆ ಕಾಣುತ್ತಿರಲಿಲ್ಲ. ಏಳೂವರೆಯ ತನಕ ನಿಂತು ಹೋಗುತ್ತಿತ್ತು. ಹೀಗೆ ಎರಡು ತಿಂಗಳಾದ ಮೇಲೆ ಮಗಳು ಒಂದು ದಿನ ಫೋನು ಮಾಡಿದಳು.

“ಅಮ್ಮಾ, ಕರ್ಟನ್ ಇಲ್ದಿದ್ರೂ ಪರ್ವಾಗಿಲ್ಲ. ಹಾಲು ಉಕ್ಕಿಸ್ಬಿಡು. ನಾನು ಒಳಗೆ ಬರ್ತೀನಿ.”

“ಇನ್ನೊಂದು ವಾರ ತಡ್ಕೋ ಪುಟ್ಟಿ. ನೀನು ಬಂದ್ರೆ ಎಲ್ಲಾ ಮುಗಿದಿರೋ ಮನೆಗೇ ಬರ್ಬೇಕು.”

ಪ್ರೀತಿಯಿಂದಲೇ ಹೇಳಿದಳು. ಸುಳ್ಳನ್ನೂ ಹೇಳಲಿಲ್ಲ, ಒಂದೇ ವಾರ ಎಂದು ಅವಳೂ ನಂಬಿದ್ದಳು.

ಆ ಶನಿವಾರ ಆಟ ಮಾಡಿದವನ ಪ್ರಶ್ನೆಗೆ ಮಗಳೂ ಉತ್ತರ ಬರೆದಳು. ಹೊಸ ಮನೆ ಬೇಡ, ಹಳೇ ಮನೆಯಲ್ಲಿ ಅಮ್ಮನ ಜೊತೆ ಊಟ ಮಾಡುತ್ತಿದ್ದೆ, ಅದನ್ನು ವಾಪಸು ಕೊಡಿ ಎಂದು ಬರೆದಳು. ಹಾಗೆಂದು ಬರೆದವಳು ಅವಳೊಬ್ಬಳೇ. ಆ ವಾರ ಕರ್ಟನ್ನಿಗೆ ಜರಿಯಂಚು ಬೇಕೆಂದವರು ಮೂರು ಸಾವಿರ ಜನ. ಕರ್ಟನ್ನಿಗೆ ಜರಿಯಂಚು ಬಂತು. ಮಗಳ ಮಾತು ‘ಇತರೆ’ಯಲ್ಲಿ ಹೋಗಿ ಬಿತ್ತು.

ಒಂದು ವಾರ ಹೋಗಿ ನಾಲ್ಕು ವಾರವಾಯಿತು, ನಾಲ್ಕು ಹೋಗಿ ಇಪ್ಪತ್ತಾಯಿತು. ಒಂದು ಸಂಜೆ ಮಗಳ ಗೊಂಬೆ ಗೇಟಿನ ಮುಂದೆ ನಿಂತದ್ದು ಏಳೂವರೆಯಾದರೂ ಹೋಗಲಿಲ್ಲ. ಮರುದಿನವೂ ಅಲ್ಲೇ ಇತ್ತು. ಕೈ ಅಲ್ಲಾಡಿಸಿದರೆ ತಿರುಗಿ ಅಲ್ಲಾಡಿಸಲಿಲ್ಲ. ಆಡುವುದನ್ನು ಬಿಟ್ಟವರ ಗೊಂಬೆ ಕೊನೆಗೆ ಎಲ್ಲಿ ನಿಂತಿತ್ತೋ ಅಲ್ಲೇ ಉಳಿಯುವಂತೆ ಆಟ ಮಾಡಿದವನು ಮೊದಲೇ ಏರ್ಪಾಡು ಮಾಡಿದ್ದ. ಊರು ಬಿಕೋ ಎನ್ನಬಾರದು ಎಂಬುದು ಅವನ ಕಾಳಜಿ. ತಾಯಿ ಇದನ್ನು ನೋಡಿ ಏನೆಂದುಕೊಂಡಳು ಗೊತ್ತೇ? ಪರೀಕ್ಷೆ ಇರಬೇಕು, ಓದುತ್ತಿರಬೇಕು, ಒಳ್ಳೆಯದೇ ಆಯಿತು, ಅವಳು ಬರುವಷ್ಟರಲ್ಲಿ ಕಿಟಕಿ ಮುಗಿಸಿಬಿಡೋಣ ಎಂದುಕೊಂಡಳು.

ಕೊನೆಗೆ ಮನೆ ಮುಗಿಯಿತು. ಮುಗಿಯಿತು ಎಂದರೆ, ಆ ಶನಿವಾರ ಯಾರೂ ಏನೂ ಕೊರತೆ ಹೇಳಲಿಲ್ಲ. ಹದಿನಾಲ್ಕು ತಿಂಗಳಾಗಿತ್ತು. ತಾಯಿ ಮಗಳಿಗೆ ಫೋನು ಮಾಡಿದಳು.

“ಮನೆ ಮುಗೀತು ಪುಟ್ಟಿ. ಇವತ್ತು ಸಂಜೆ ಹಾಲು ಉಕ್ಕಿಸ್ತೀನಿ. ಬಾ.”

“ಆ ಆಟ ಆಡೋದು ಬಿಟ್ಟು ಬಹಳ ದಿನ ಆಯ್ತಲ್ಲಮ್ಮ,” ಎಂದಳು ಮಗಳು.

ಕೋಪದಿಂದ ಹೇಳಿದ್ದರೆ ತಾಯಿ ಹೇಗೋ ಸಮಾಧಾನ ಮಾಡುತ್ತಿದ್ದಳು. ಅತ್ತಿದ್ದರೆ ಜೊತೆಗೆ ತಾನೂ ಅಳುತ್ತಿದ್ದಳು. ಮಗಳು ಸುಮ್ಮನೆ ವಿಷಯ ತಿಳಿಸಿದಳು, ಅಂಗಡಿ ಮುಚ್ಚಿದೆ ಎಂದು ದಾರಿಹೋಕರಿಗೆ ತಿಳಿಸುವ ಹಾಗೆ. ಆಮೇಲೆ, ಊಟ ಆಯಿತೇ ಎಂದು ಕೇಳಿ ಫೋನು ಇಟ್ಟಳು.

ತಾಯಿ ರಜೆ ಹಾಕಿ ಬಸ್ಸು ಹತ್ತಿ ಹೋದಳು. ಹಬ್ಬವಿರಲಿಲ್ಲ, ಆದರೂ ಹೋದಳು. ಮಗಳು ಬಾಗಿಲು ತೆರೆದು, ಬಂದವರಿಗೆ ಕೊಡುವಂತೆ ಒಂದು ಲೋಟ ನೀರು ತಂದುಕೊಟ್ಟಳು. ಎದುರಿಗೆ ಕುಳಿತಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಕಾಲು ಗಂಟೆ ಕಳೆದ ಮೇಲೆ, ಹೋಂವರ್ಕ್ ಇದೆ ಎಂದು ಎದ್ದು ಒಳಗೆ ಹೋದಳು. ತಾಯಿ ನಡುಮನೆಯಲ್ಲಿ ಕುಳಿತೇ ಇದ್ದಳು. ಮಗಳನ್ನು ಹೇಗೆ ಕರೆಯುವುದೆಂದು ಅವಳಿಗೆ ತಿಳಿಯಲಿಲ್ಲ. ದಿನವೂ ಸಂಜೆ ಕೂಡಿ ಉಣ್ಣುವುದೊಂದೇ ಅವರಿಬ್ಬರಿಗೂ ಬರುತ್ತಿದ್ದುದು; ಅದು ಬಿಟ್ಟುಹೋಗಿ ವರ್ಷದ ಮೇಲಾಗಿತ್ತು.

ತಿರುಗಿ ಬಂದು ತಾಯಿ ಹಾಲು ಉಕ್ಕಿಸಿದಳು. ಯಾಕೆ ಉಕ್ಕಿಸಿದಳೋ, ಬೇರೇನು ಮಾಡಬೇಕೆಂದು ತೋಚದೆ ಇರಬೇಕು. ಗೇಟು ತೆರೆಯಿತು. ತಟ್ಟೆ ಹಿಡಿದು ಕಾದಿದ್ದ ನೆರೆಯವರು ಒಳಗೆ ನುಗ್ಗಿದರು, ಕೋಣೆ ಕೋಣೆ ಸುತ್ತಿದರು, ಪುಟಗಟ್ಟಲೆ ಅಭಿಪ್ರಾಯ ಬರೆದರು. ಅವಳು ಒಂದನ್ನೂ ಓದಲಿಲ್ಲ. ಮಗಳ ಗೊಂಬೆ ಮಾತ್ರ ಗೇಟಿನ ಹೊರಗೆ ತಟ್ಟೆ ಹಿಡಿದುಕೊಂಡು ನಿಂತೇ ಇತ್ತು. ತಾಯಿಯ ಗೊಂಬೆ ಹೋಗಿ ಅದರ ಪಕ್ಕದಲ್ಲಿ ನಿಂತಿತು. ಇನ್ನೊಬ್ಬರ ಗೊಂಬೆಯನ್ನು ಕೈಹಿಡಿದು ಒಳಗೆ ತರಲು ಆ ಆಟದಲ್ಲಿ ದಾರಿ ಇರಲಿಲ್ಲ.

ಶನಿವಾರ ಪ್ರಶ್ನೆ ಬಂತು: ನಿಮಗೆ ಇನ್ನೇನು ಬೇಕು? ಗೇಟಿನ ಹತ್ತಿರ ನಿಂತವಳನ್ನು ಒಳಗೆ ಕರೆದುಕೊಳ್ಳುವ ದಾರಿ ಬೇಕು ಎಂದು ತಾಯಿ ಬರೆದಳು. ಬರೆದವಳು ಒಬ್ಬಳೇ ಆದ್ದರಿಂದ ಆಟ ಮಾಡಿದವನು ಅದನ್ನೂ ‘ಇತರೆ’ಗೆ ಸೇರಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಶಿವರುದ್ರ ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: “ಅಷ್ಟು ಕಷ್ಟಪಟ್ಟಳಲ್ಲ ಬುದ್ಧಿ, ಆ ಕೋಣೆ ಕೊನೆಗೆ ಚೆನ್ನಾಗಿ ಬಂದಿತ್ತೇ?”

“ನೀನೂ ಕೋಣೆಯನ್ನೇ ಕೇಳಿದೆ, ಹುಡುಗಿಯನ್ನು ಕೇಳಲಿಲ್ಲ,” ಎಂದರು ಗುರುಗಳು.