ಹೊನ್ನಿಗೆ ತೆರೆದ ಬಾಗಿಲು

"ಕೇಳಿರಪ್ಪಾ ಕೇಳಿ! ಮುಗಿಲುಪಟ್ಟಣದ ಜಾಲತಾಣದ ಬಾಗಿಲು ಯಾರಿಗೆಲ್ಲ, ಎಷ್ಟು ತೆರೆದಿರಬೇಕು? ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರು ಮುಗಿಲಾಗಿ ಕರಗುವರು!" ಎಂದು ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಆ ಊರಲ್ಲಿ ಅಕ್ಕಿಯಾಗಲಿ ಔಷಧಿಯಾಗಲಿ, ಮನೆಮನೆಯ ಗಾಜಿನ ಹಲಗೆಯಲ್ಲಿ ಬೆಳದಿಂಗಳಂತೆ ತೇಲುವ ಆ ತಾಣದಿಂದಲೇ ತರಿಸಬೇಕು. ಬುಟ್ಟಿ ಹೆಣೆಯುವ ಕೆಂಚಪ್ಪನ ಅಕ್ಕ ಹೊನ್ನಿಗೆ ಕಣ್ಣಿಲ್ಲ. ಅವಳಿಗೆ ಬೇಕಾದ್ದಕ್ಕೆಲ್ಲ ತಮ್ಮನೇ ಗುಂಡಿ ಒತ್ತಬೇಕು.

"ನೀನು ಕರಗೋದ್ರೆ ನಂಗೆ ಒಂದು ಹಿಡಿ ಅಕ್ಕೀನೂ ಬರಾಕಿಲ್ಲ ಕಣ್ಲಾ," ಎಂದಳು ಹೊನ್ನಿ.

"ಹೋಗ್ದಿದ್ರೆ ಸಾಯೋಗಂಟ ನನ್ನೇ ಕೇಳ್ಕೊಂಡಿರ್ಬೇಕಲ್ಲಕ್ಕಾ," ಎಂದು ಕೆಂಚಪ್ಪ ಹೊರಟ.

ಸಭೆಯ ನೆಲವೆಲ್ಲ ಮಂಜು. ದೊರೆ ಕೇಳಿದ: "ತಾಣದಲ್ಲೊಂದು ಚಿತ್ರವಿದೆ. ಕಣ್ಣಿಲ್ಲದವರಿಗೆ ಅದನ್ನು ತೋರಿಸುವುದು ಹೇಗೆ?"

"ಗೋಡೆಯಷ್ಟು ದೊಡ್ಡದು ಮಾಡಿಸಿ," ಎಂದು ಮಂತ್ರಿಯ ಮಗ ಎದೆಯುಬ್ಬಿಸಿದ. ಪುಣ್ಯಾತ್ಮನ ಪೇಟವಷ್ಟೇ ಉಳಿಯಿತು.

"ಚಿತ್ರದಾಗೆ ಏನೈತೆ ಅಂತ ಎರಡು ಮಾತು ಬರೆದಿಡ್ಸಿ ಬುದ್ಧಿ, ತಾಣ ಓದಿ ಹೇಳ್ಲಿ," ಎಂದ ಕೆಂಚಪ್ಪ. "ನಮ್ಮಕ್ಕಂಗೆ ನಾನು ಸಂಜೆ ಆಕಾಶ ತೋರ್ಸೋದೂ ಹಂಗೇಯ."

"ಕೈ ನಡುಗುವ ಮುದುಕನೂ ತಪ್ಪದೆ ಒತ್ತುವ ಗುಂಡಿ ಎಂಥದು?" ಎಂದ ದೊರೆ.

"ಚಿನ್ನದ್ದು," ಎಂದ ವರ್ತಕನೂ ಕರಗಿದ.

"ಅಂಗೈಯಷ್ಟು ಅಗಲ ಇರ್ಬೇಕು, ಅವಸರ ಮಾಡ್ಬಾರ್ದು. ಈಗಿರೋದು ಹತ್ತು ಎಣಿಸೋದ್ರಾಗೆ ಮಾಯ ಆಯ್ತೈತೆ," ಎಂದ ಕೆಂಚಪ್ಪ.

ದೊರೆ ತಲೆದೂಗಿ ಕೊನೆಯದನ್ನು ಕೇಳಿದ: "ನೂರು ಮಂದಿಯಲ್ಲಿ ಎಷ್ಟು ಜನ ಒಳಗೆ ಬಂದರೆ ಸಾಕು?"

ಹಿಂದೆ ತೊಂಬತ್ತೆಂದವನು, ತೊಂಬತ್ತೊಂಬತ್ತೆಂದವನು ಮುಗಿಲಾಗಿ ಸೂರಿನಡಿ ತೇಲುತ್ತಿದ್ದರು. ನೂರು ಎಂದವನೂ ಅಲ್ಲೇ ಇದ್ದ. "ಎಣಿಸಿದವರು ಯಾರು?" ಎಂದು ದೊರೆ ಕೇಳಿದಾಗ ಅವನು ತನ್ನತ್ತಲೇ ಬೆರಳು ಮಾಡಿದ್ದ. ಉತ್ತರ ತಡವಾದಂತೆ ಕೆಂಚಪ್ಪನ ಬೆರಳ ತುದಿಗಳೂ ಮಂಜಾಗತೊಡಗಿದವು. ಹೊಸ್ತಿಲಲ್ಲಿ ಕೂತು ತನ್ನ ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತಿರುವ ಅಕ್ಕ ನೆನಪಾದಳು.

"ಒಳಗೆ ಕುಂತು ಎಣಿಸೋರ್ಗೆ ಹೊರಗಿರೋರು ಕಾಣಾಕಿಲ್ಲ ಬುದ್ಧಿ. ಸಾಕೋ ಸಾಲದೋ ಅಂತ ಹೊರಗಿರೋರ್ನೇ ಕೇಳ್ಬೇಕು. ನಮ್ಮಕ್ಕನ್ನ ಕರೆಸಿ."

ದೊರೆ ಪೀಠದಿಂದಿಳಿದು ಅವನ ಬಳಿ ಬಂದ. "ಕಣ್ಣಿಲ್ಲದವರಿಗೆ ಮಾತು, ನಡುಗುವ ಕೈಗೆ ತಾಳ್ಮೆ. ಇಷ್ಟು ನನಗೂ ಹೊಳೆದಿತ್ತು. ಆದರೆ ಬಾಗಿಲ ಹೊರಗಿರುವ ಒಬ್ಬರನ್ನೂ ನಾನು ಕೇಳಿರಲಿಲ್ಲವಪ್ಪ. ನಿನಗೇನು ಬೇಕು?"

"ಅವಳು ಹೇಳ್ದಂಗೆ ಬಾಗಿಲು ತಿದ್ಸಿ, ಅಷ್ಟು ಸಾಕು."

ಪಲ್ಲಕ್ಕಿ ಹೋಯಿತು, ಹೊನ್ನಿ ಬಂದಳು. ಒಂದು ತಿಂಗಳು "ಇಲ್ಲಿ ಎಡವ್ತೀನಿ, ಇಲ್ಲೂ ಎಡವ್ತೀನಿ" ಎಂದು ತಾಣ ತಿದ್ದುವ ಅರಮನೆಯವರನ್ನು ಗೋಳು ಹೊಯ್ದುಕೊಂಡಳು. ಅವಳು "ಈಗ ಸಲೀಸು" ಎಂದ ದಿನ ಕರಗಿದವರೆಲ್ಲ ತುಂತುರಾಗಿ ಇಳಿದು, ಒದ್ದೆಬಟ್ಟೆಯಲ್ಲಿ ಎದ್ದು ನಿಂತರು.

ಮುಂದೊಂದು ಮಧ್ಯಾಹ್ನ ಬಿದಿರು ಕಡಿದು ಮನೆಗೆ ಬಂದ ಕೆಂಚಪ್ಪನ ಕೈಗೆ ಹೊನ್ನಿ ಬೆಲ್ಲದಚ್ಚು ಇಟ್ಟಳು.

"ಯಾರಕ್ಕಾ ತರಿಸ್ಕೊಟ್ಟಿದ್ದು?"

"ನಾನೇ ಕಣ್ಲಾ."

ಕೆಂಚಪ್ಪನ ಕಣ್ಣು ತುಂಬಿತು. ಅಷ್ಟು ಸಿಹಿಯಾದ ಬೆಲ್ಲವನ್ನು ಅವನು ಎಂದೂ ತಿಂದಿರಲಿಲ್ಲ.