ಕೆರೆ ಏರಿಯ ಮೇಲೆ ನಿಂತಿದ್ದ ಆಟೋ

"ಬುದ್ಧಿ, ಕರೆಂಟಿನ ಕಾರು ಸರಿಯೋ, ಪೆಟ್ರೋಲಿನ ಕಾರು ಸರಿಯೋ?" ಎಂದು ಕೊಟ್ರಯ್ಯ ಗುರುಗಳನ್ನು ಕೇಳಿದ.

ಭಕ್ತರೊಬ್ಬರು ಮಠಕ್ಕೆ ಕಾರು ಕೊಡಿಸುತ್ತೇವೆಂದು ಹೇಳಿ ಹದಿನೈದು ದಿನವಾಗಿತ್ತು. ಯಾವ ಬಗೆಯ ಕಾರು ಬೇಕೆಂದು ಮಠದವರೇ ತಿಳಿಸಬೇಕಿತ್ತು. ತಕರಾರು ಅಲ್ಲಿಂದ ಶುರುವಾಯಿತು. ಕೊಟ್ರಯ್ಯ ಪೆಟ್ರೋಲಿನ ಪಕ್ಷ. ಅವನ ಜೊತೆಯಲ್ಲೇ ಮಠ ಸೇರಿ, ಅವನ ಪಕ್ಕದಲ್ಲೇ ಕೂತು ಪಾಠ ಕೇಳಿದ ಮುರುಗಯ್ಯ ಕರೆಂಟಿನ ಪಕ್ಷ. ಮೊದಲು ವಾದ ನಡೆಯಿತು, ಆಮೇಲೆ ಜಗಳ, ಆಮೇಲೆ ಮಾತೇ ನಿಂತುಹೋಯಿತು. ಇಬ್ಬರೂ ಓದಿಕೊಂಡವರು, ಆದ್ದರಿಂದ ಕಾರಣಗಳಿಗೆ ಬರವಿರಲಿಲ್ಲ. ಕೊಟ್ರಯ್ಯನಂತೂ ತನ್ನ ಕಾರಣಗಳನ್ನು ಒಂದು ಹಾಳೆಯ ತುಂಬ ಬರೆದುಕೊಂಡೇ ಬಂದಿದ್ದ.

ಗುರುಗಳು ಹಾಳೆಯನ್ನು ತೆಗೆದುಕೊಂಡರು. ಓದದೆ, ಮಡಚಿ, ಅವನ ಕೈಗೇ ವಾಪಸು ಕೊಟ್ಟರು. ಕೂತುಕೋ ಎಂದು ಸನ್ನೆ ಮಾಡಿ ಕತೆ ಹೇಳತೊಡಗಿದರು.

ಒಂದು ಊರು. ಆ ಊರಿನ ರೈಲ್ವೆ ಸ್ಟೇಷನ್ನಿಗೂ ಪೇಟೆಗೂ ನಡುವೆ ಮೂರು ಮೈಲಿ. ದಾರಿಯ ಅರ್ಧಭಾಗ ಕೆರೆ ಏರಿಯ ಮೇಲೆ ಹೋಗುತ್ತದೆ. ಅಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ, ನಿಲ್ಲಲು ಒಂದು ಮರದ ನೆರಳಿಲ್ಲ. ಸ್ಟೇಷನ್ನಿನ ಮುಂದೆ ಆಟೋ ಸ್ಟ್ಯಾಂಡು. ಸ್ಟ್ಯಾಂಡಿನಲ್ಲಿ ಇಬ್ಬರು ಗೆಳೆಯರು. ಒಬ್ಬ ಹಿರಿಯ, ಇನ್ನೊಬ್ಬ ಅವನಿಗಿಂತ ಹತ್ತು ವರ್ಷ ಕಿರಿಯ. ಕಿರಿಯನಿಗೆ ಆಟೋ ಓಡಿಸುವುದನ್ನು ಕಲಿಸಿದವನೇ ಹಿರಿಯ. ಕಿರಿಯನ ಹೆಂಡತಿ ಹಿರಿಯನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಮೊದಲ ಡಬ್ಬಿ ಅವನ ಮನೆಗೆ ಹೋಗುತ್ತಿತ್ತು.

ಆಟೋದವರಲ್ಲಿ ಒಂದು ಪದ್ಧತಿಯಿದೆ, ನೀನೂ ನೋಡಿರುತ್ತೀಯ. ದಾರಿಯಲ್ಲಿ ಒಬ್ಬನ ಗಾಡಿ ಕೆಟ್ಟು ನಿಂತರೆ ಹಿಂದಿನಿಂದ ಬಂದವನು ತನ್ನ ಗಾಡಿಯೊಳಗೆ ಕೂತಿದ್ದ ಹಾಗೇ ಒಂದು ಕಾಲನ್ನು ಹೊರಗೆ ಚಾಚುತ್ತಾನೆ. ಅದನ್ನು ನಿಂತ ಗಾಡಿಯ ಹಿಂಭಾಗಕ್ಕೆ ಒತ್ತಿ, ತಳ್ಳಿಕೊಂಡೇ ಊರು ಮುಟ್ಟಿಸುತ್ತಾನೆ. ನೋಡಿದವರಿಗೆ ಸರ್ಕಸ್ಸು, ಅವರಿಗೆ ದಿನನಿತ್ಯದ ಕೆಲಸ. ಆ ಸ್ಟ್ಯಾಂಡಿನಲ್ಲಿ ಇದಕ್ಕೆ ಕಾಲು ಕೊಡುವುದು ಎನ್ನುತ್ತಿದ್ದರು. ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಗಾಡಿ ನಿಂತಿದೆಯೆಂದರೆ ಕಾಲು ಕೊಡುವುದೇ. ಹಿರಿಯ ಕಿರಿಯನಿಗೆ, ಕಿರಿಯ ಹಿರಿಯನಿಗೆ, ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಒಂದು ದಿನ ಕಿರಿಯ ತನ್ನ ಹಳೆಯ ಪೆಟ್ರೋಲ್ ಗಾಡಿಯನ್ನು ಮಾರಿ ಕರೆಂಟಿನ ಆಟೋ ತಂದ. ತಂದವನು ನೇರವಾಗಿ ಹಿರಿಯನ ಮುಂದೆ ನಿಲ್ಲಿಸಿದ. ಮುಖವೆಲ್ಲ ನಗು. ಹಿರಿಯ ಗಾಡಿಯನ್ನು ಒಂದು ಸುತ್ತು ಬಂದು ನೋಡಿ, ಆಟದ ಸಾಮಾನು ಚೆನ್ನಾಗಿದೆ ಎಂದ. ಸ್ಟ್ಯಾಂಡಿನವರೆಲ್ಲ ನಕ್ಕರು.

ಹಿರಿಯನ ಒಳಗಿದ್ದ ಮಾತು ಬೇರೆ. ನನ್ನನ್ನು ಒಂದು ಮಾತು ಕೇಳದೆ ಕೊಂಡುಬಿಟ್ಟನಲ್ಲ ಎನ್ನುವುದು ಅವನ ನೋವು. ಗಾಡಿಯ ಬ್ರೇಕಿಗೆ ಹೊಸ ವೈರು ಹಾಕಿಸಬೇಕಾದರೂ ಬಂದು ಕೇಳುತ್ತಿದ್ದವನು, ಗಾಡಿಯನ್ನೇ ಕೊಳ್ಳುವಾಗ ಕೇಳಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಹೇಳಲು ನಾಚಿಕೆ. ಹಾಗಾಗಿ ಗೆಳೆಯನನ್ನು ಬಯ್ಯುವ ಬದಲು ಅವನ ಬ್ಯಾಟರಿಯನ್ನು ಬಯ್ದ.

ಅಲ್ಲಿಂದ ದಿನವೂ ಅದೇ. ರೈಲು ಬರುವ ತನಕ ಬೇರೆ ಕೆಲಸವಿಲ್ಲವಲ್ಲ. ಕರೆಂಟು ಹೋದ ದಿನ ಗಾಡಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತೀಯಾ ಎಂದು ಹಿರಿಯ ಕೇಳುವನು. ಪೆಟ್ರೋಲು ಬಂಕಿನ ಮುಂದೆ ಸಾಲು ನಿಲ್ಲುವುದೂ ಒಂದು ಬಾಳೇ ಎಂದು ಕಿರಿಯ ಕೇಳುವನು. ನಿನ್ನ ಕರೆಂಟೇನು ಆಕಾಶದಿಂದ ಇಳಿಯುತ್ತದೆಯೇ, ಅದಕ್ಕೂ ಎಲ್ಲೋ ಕಲ್ಲಿದ್ದಲು ಸುಡಲೇಬೇಕು ಎಂದು ಇವನು. ಸುಡುವವರು ಅಲ್ಲಿ ಸುಡಲಿ, ನೀನು ಇಲ್ಲಿ ಮಕ್ಕಳ ಮೂಗಿಗೆ ಹೊಗೆ ಬಿಡಬೇಡ ಎಂದು ಅವನು. ಸತ್ತ ಬ್ಯಾಟರಿಯನ್ನು ಎಲ್ಲಿ ಹೂಳುತ್ತೀಯ ಎಂದು ಇವನು. ಇಬ್ಬರ ಮಾತಿನಲ್ಲೂ ನಿಜವಿತ್ತು, ಕೊಟ್ರಯ್ಯ. ಅದೇ ತೊಂದರೆಯಾದದ್ದು. ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಒಬ್ಬರು ಬೇಸತ್ತು ಬಿಡುತ್ತಿದ್ದರು.

ಸ್ಟ್ಯಾಂಡಿನವರಿಗೆ ಖರ್ಚಿಲ್ಲದ ಮನರಂಜನೆ. ಒಬ್ಬನಿಗೆ ಪೆಟ್ರೋಲಣ್ಣ, ಇನ್ನೊಬ್ಬನಿಗೆ ಬ್ಯಾಟರಿಯಣ್ಣ ಎಂದು ಹೆಸರಿಟ್ಟರು. ತಂದೆತಾಯಿ ಇಟ್ಟ ಹೆಸರು ಕ್ರಮೇಣ ಯಾರ ಬಾಯಲ್ಲೂ ಬರದಂತಾಯಿತು. ಕಡೆಗೆ ಅವರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು.

ಒಂದು ದಿನ ವಾದ ಏರಿತು. ಹಿರಿಯ ಎಲ್ಲರ ಮುಂದೆ ಎದ್ದು ನಿಂತ. ಇದು ದಾರಿಯಲ್ಲಿ ನಿಂತೇ ನಿಲ್ಲುತ್ತದೆ, ಅವತ್ತು ನೀನೇ ಬಾಯಿಬಿಟ್ಟು 'ಅಣ್ಣ, ಕಾಲು ಕೊಡು' ಎಂದು ಕೇಳಬೇಕು, ಕೇಳದೆ ನಾನು ಕಾಲು ಚಾಚುವುದಿಲ್ಲ ಎಂದ. ಕಿರಿಯ ಗಾಡಿ ಹತ್ತಿಕೊಂಡು ಹೋದ. ಅಂದಿನಿಂದ ಹಿರಿಯನಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿತು. ದಾರಿಯಲ್ಲಿ ಹೋಗುವಾಗಲೆಲ್ಲ ಆ ಕರೆಂಟ್ ಗಾಡಿ ಎಲ್ಲಾದರೂ ನಿಂತಿದೆಯೇ ಎಂದು ಅವನ ಕಣ್ಣು ಹುಡುಕುತ್ತಿತ್ತು.

ಹುಡುಕುವವರಿಗೆ ಸಿಕ್ಕೇ ಸಿಗುತ್ತದೆ. ಬೇಸಿಗೆಯ ಒಂದು ಮಧ್ಯಾಹ್ನ ಹಿರಿಯ ಇಬ್ಬರು ಪ್ರಯಾಣಿಕರನ್ನು ಕೂರಿಸಿಕೊಂಡು ಪೇಟೆಯಿಂದ ಸ್ಟೇಷನ್ನಿಗೆ ಹೊರಟಿದ್ದ. ಕೆರೆ ಏರಿಯ ನಟ್ಟನಡುವೆ, ರಸ್ತೆಯ ಅಂಚಿನಲ್ಲಿ, ಕರೆಂಟ್ ಆಟೋ ನಿಂತಿತ್ತು. ಕಿರಿಯ ಒಳಗೆ ಹ್ಯಾಂಡಲಿನ ಮೇಲೆ ತಲೆಯಿಟ್ಟು ಕೂತಿದ್ದ. ಹಿರಿಯನ ಗಾಡಿಯ ಸದ್ದು ಅವನಿಗೆ ಗೊತ್ತು. ತಲೆ ಎತ್ತದೆಯೇ ಒಂದು ಕೈಯನ್ನು ಸ್ವಲ್ಪ ಮೇಲೆತ್ತಿದ.

ಹಿರಿಯ ಗಾಡಿಯ ವೇಗ ಇಳಿಸಿದ. ಅವನ ಎದೆಯಲ್ಲಿ ಹಬ್ಬವಾಯಿತು. ಕೈ ಎತ್ತಿದರೆ ಸಾಲದು, ಬಾಯಿಬಿಟ್ಟು ಕೇಳಬೇಕೆಂದು ಮಾತಾಗಿತ್ತಲ್ಲ. ಎರಡು ಸಲ ಹಾರನ್ ಹೊಡೆದು, ನಗುತ್ತ ಮುಂದೆ ಹೋದ. ಹಿಂದೆ ಕೂತವರಿಗೆ ರೈಲಿಗೆ ತಡವಾಗುತ್ತಿತ್ತು. ಅದನ್ನೇ ನೆಪ ಮಾಡಿಕೊಳ್ಳಬಹುದಿತ್ತು. ಅವನಿಗೆ ಆಗ ನೆಪದ ಅಗತ್ಯವೂ ಕಾಣಲಿಲ್ಲ.

ಸ್ಟ್ಯಾಂಡಿಗೆ ಬಂದು, ಚಾರ್ಜ್ ಮುಗಿದು ಏರಿಯ ಮೇಲೆ ನಿಂತಿದೆ ಎಂದು ಸಾರಿದ. ನಗೆ ಎದ್ದಿತು. ಯಾರೋ ಶಿಳ್ಳೆ ಹಾಕಿದರು. ಸ್ಟ್ಯಾಂಡಿನ ಎಲ್ಲರಿಗಿಂತ ಹಳಬನಾದ ಒಬ್ಬ ಚಾಲಕ ಮಾತ್ರ, ಬಿಸಿಲು ಜೋರಾಗಿದೆ, ಹೋಗಿ ತಳ್ಳಿಕೊಂಡು ಬಾರಪ್ಪ ಎಂದ.

"ಫೋನ್ ಮಾಡ್ಲಿ. 'ಅಣ್ಣ, ಕಾಲು ಕೊಡು' ಅಂತ ಒಂದೇ ಒಂದು ಮಾತು ಅನ್ಲಿ. ಓಡಿ ಹೋಗ್ತೀನಿ" ಎಂದ ಹಿರಿಯ.

ಅವನು ಸುಳ್ಳು ಹೇಳಲಿಲ್ಲ. ಫೋನನ್ನು ಎದುರಿಗೆ ಬೆಂಚಿನ ಮೇಲಿಟ್ಟುಕೊಂಡು ಕೂತ. ಒಂದು ಟೀ ಕುಡಿದ. ಫೋನು ಬರಲಿಲ್ಲ. ಇನ್ನೊಂದು ಟೀ ಕುಡಿದ. ಆ ಒಂದು ಕರೆ ಬಂದರೆ ಸಾಕು, ಹೋಗಿ ಕಾಲು ಕೊಟ್ಟು ಕರೆತಂದು, ಮೊದಲಿನ ಹಾಗೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುವುದು ಎಂದು ಅವನು ಮನಸ್ಸಿನಲ್ಲೇ ಎಲ್ಲ ಏರ್ಪಾಡು ಮಾಡಿದ್ದ. ಅವನಿಗೆ ಗೆಲ್ಲುವ ಆಸೆಗಿಂತ ಗೆಳೆಯ ಬೇಕೆನ್ನುವ ಆಸೆಯೇ ಹೆಚ್ಚಿತ್ತು. ಆದರೆ ಗೆಳೆಯ ಸೋತು ಬರಬೇಕಿತ್ತು. ಫೋನು ಬರದೆ ಹೋದಂತೆಲ್ಲ ಇವನಿಗೆಷ್ಟು ಸೊಕ್ಕು ಎಂದು ಸಿಟ್ಟು ಬಂತು. ಹೀಗೆ ಒಂದು ಗಂಟೆ ಕಳೆಯಿತು.

ಕಡೆಗೆ ಅವನೇ ತಡೆಯಲಾಗದೆ ಹೊರಟ. ಏರಿಯ ಮೇಲೆ ಆಡು ಮೇಯಿಸುವ ಹೆಂಗಸೊಬ್ಬಳು ಕಿರಿಯನನ್ನು ಗಾಡಿಯಿಂದ ಇಳಿಸಿ ನೆಲಕ್ಕೆ ಮಲಗಿಸಿದ್ದಳು. ತನ್ನ ಸೆರಗನ್ನು ಒದ್ದೆ ಮಾಡಿ ಅವನ ಹಣೆಯ ಮೇಲಿಟ್ಟಿದ್ದಳು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಈ ಮನುಷ್ಯ ಎದೆ ಹಿಡಿದುಕೊಂಡಿದ್ದ, ಈಗ ಮಾತಿಲ್ಲ ಎಂದಳು. ಹಿರಿಯ ಅವನನ್ನು ತನ್ನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದ. ಆ ಪೆಟ್ರೋಲ್ ಗಾಡಿ ಅಷ್ಟು ಜೋರಾಗಿ ಹಿಂದೆಂದೂ ಓಡಿರಲಿಲ್ಲ. ದಾರಿಯುದ್ದಕ್ಕೂ ಅವನ ಹೆಸರು ಹಿಡಿದು ಕರೆದ. ಆಸ್ಪತ್ರೆಯಲ್ಲಿ ನೋಡಿದವರು, ಹೃದಯ ನಿಂತು ಸ್ವಲ್ಪ ಹೊತ್ತಾಗಿದೆ, ಒಂದು ಗಂಟೆ ಮೊದಲು ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

ಸಂಜೆ, ಏರಿಯ ಮೇಲೆ ಉಳಿದುಹೋಗಿದ್ದ ಗಾಡಿಯನ್ನು ತರಬೇಕಾಯಿತು. ತಳ್ಳಲು ಸ್ಟ್ಯಾಂಡಿನವನೊಬ್ಬ ಇನ್ನೊಂದು ಆಟೋದಲ್ಲಿ ಹಿಂದೆ ಬಂದು, ಕಾಲು ಚಾಚಿ ಸಿದ್ಧನಾಗಿ ನಿಂತ. ಹಿರಿಯ ಮೊದಲ ಸಲ ಆ ಕರೆಂಟ್ ಗಾಡಿಯಲ್ಲಿ ಕೂತ. ಸುಮ್ಮನೆ ಕೀ ತಿರುಗಿಸಿ ನೋಡಿದ. ಎದುರಿಗೆ ದೀಪ ಹತ್ತಿತು. ಚಾರ್ಜ್ ಅರ್ಧಕ್ಕಿಂತ ಹೆಚ್ಚಿತ್ತು.

ಗಾಡಿ ಹೊರಟಿತು. ಹಿಂದಿದ್ದವನು ಚಾಚಿದ ಕಾಲನ್ನು ಒಳಗೆ ಎಳೆದುಕೊಂಡ. ಗಾಡಿಯಲ್ಲಿ ಸದ್ದಿರಲಿಲ್ಲ, ಹಾಗಾಗಿ ಹಿರಿಯನಿಗೆ ತಾನು ಅಳುವುದು ತನಗೇ ಕೇಳಿಸಿತು.

ಗಾಡಿಯನ್ನು ಕಿರಿಯನ ಮನೆಯ ಮುಂದೆ ನಿಲ್ಲಿಸಿದ. ಅಷ್ಟರಲ್ಲಿ, ಮಧ್ಯಾಹ್ನ ಅವನು ಸ್ಟ್ಯಾಂಡಿನಲ್ಲಿ ಸಾರಿದ ಸುದ್ದಿ ಊರು ಸುತ್ತಿ ಅವನಿಗಿಂತ ಮೊದಲೇ ಆ ಮನೆ ಮುಟ್ಟಿತ್ತು. ಕಿರಿಯನ ಹೆಂಡತಿ ಗಾಡಿಯನ್ನು ನೋಡಿ ಮುಖ ತಿರುಗಿಸಿದಳು.

"ನೀವು ಬಡ್ಕೊಂಡಿದ್ದೇ ನಿಜ ಆಯ್ತಲ್ಲ ಅಣ್ಣ. ಆ ಗಾಡಿ ನಂಬ್ಕೋಬೇಡ ಅಂದ್ರಿ, ಅವರು ಕೇಳ್ಲಿಲ್ಲ. ನಡುದಾರೀಲಿ ನಿಂತು ಅವರನ್ನ ತಿಂದ್ಕೊಂಡ್ಬಿಡ್ತು."

ಬಾಗಿಲ ತುಂಬ ಜನ ಸೇರಿದ್ದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಅವನೂ ಒಂದು ಸಲ ಹೂಂ ಎಂದಿದ್ದರೆ ಸಾಕಿತ್ತು. ಎರಡು ವರ್ಷ ಸ್ಟ್ಯಾಂಡಿನಲ್ಲಿ ಕೂಗಾಡಿ ಗೆಲ್ಲಲಾಗದ ವಾದವನ್ನು ಅವತ್ತು ಊರೇ ಅವನ ಮಡಿಲಿಗೆ ಹಾಕಿತ್ತು. ಅಣ್ಣನೆನ್ನುವ ಸಂಬಂಧವೂ ಉಳಿಯುತ್ತಿತ್ತು, ಹಬ್ಬದ ಡಬ್ಬಿಯೂ ಬರುತ್ತಿತ್ತು. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ.

"ಗಾಡಿ ನಿಂತಿರ್ಲಿಲ್ಲಮ್ಮ. ಚೆನ್ನಾಗೇ ಇದೆ. ಅವನಿಗೆ ಹುಷಾರಿಲ್ದೆ ನಿಲ್ಸಿದ್ದ. ಕೈ ಎತ್ತಿದ. ನಾನು ನೋಡ್ದೆ, ನೋಡಿ ಹಾರನ್ ಹೊಡ್ಕೊಂಡು ಹೋದೆ."

ಅವಳು ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಒಳಗೆ ಹೋದಳು. ಆಮೇಲೆ ದಾರಿಯಲ್ಲಿ ಎಷ್ಟೋ ಸಲ ಎದುರಾದರೂ ಅವಳು ಅವನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ಹಿರಿಯ ಇನ್ನೂ ಆಟೋ ಓಡಿಸುತ್ತಾನೆ. ಸ್ಟ್ಯಾಂಡಿಗೆ ಈಗ ಕರೆಂಟ್ ಗಾಡಿಗಳು ಬೇಕಾದಷ್ಟು ಬಂದಿವೆ. ಹೊಸಬರು ಅದೇ ವಾದವನ್ನು ಅದೇ ಮಾತುಗಳಲ್ಲಿ ಮಾಡುತ್ತಾರೆ. ಇವನು ಎದ್ದು ದೂರ ಹೋಗಿ ಕೂರುತ್ತಾನೆ. ದಾರಿಯಲ್ಲಿ ಯಾವ ಗಾಡಿ ನಿಂತಿದ್ದರೂ, ಲಾರಿಯಾಗಲಿ ಎತ್ತಿನ ಗಾಡಿಯಾಗಲಿ, ತನ್ನ ಗಾಡಿ ನಿಲ್ಲಿಸಿ ಇಳಿದು ಹೋಗಿ ಒಳಗೆ ಬಗ್ಗಿ ನೋಡುತ್ತಾನೆ. ಎಷ್ಟೋ ಸಲ ಒಳಗಿದ್ದವರು ಸುಮ್ಮನೆ ಊಟ ಮಾಡುತ್ತಿರುತ್ತಾರೆ. ಏನಯ್ಯಾ, ಏನು ಬೇಕಾಗಿತ್ತು ಎಂದು ಗದರುತ್ತಾರೆ. ಏನಿಲ್ಲ ಸ್ವಾಮಿ, ನೋಡಿ ಹೋಗೋಣ ಅಂತ ಬಂದೆ ಎನ್ನುತ್ತಾನೆ. ಹಾಗೆ ನೋಡಿದ್ದರಿಂದ ಅವನ ಸಂಕಟವೇನೂ ಕಡಿಮೆಯಾಗಿಲ್ಲ. ಆದರೂ ನೋಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಕಡೆಕಡೆಗೆ ಸಣ್ಣಗಾಗಿತ್ತು.

ಕೊಟ್ರಯ್ಯನ ಮನಸ್ಸು ಕರಗಿತ್ತು. ಕಣ್ಣೂ ಒದ್ದೆಯಾಗಿತ್ತು. ಆದರೂ ಕೈಯಲ್ಲಿದ್ದ ಹಾಳೆ ಅವನನ್ನು ಬಿಡಲಿಲ್ಲ. ಆ ಗಾಡಿಯಲ್ಲಿ ಚಾರ್ಜ್ ಇತ್ತೆಂದರೆ ಗುರುಗಳು ಕರೆಂಟಿನ ಕಾರೇ ಸರಿಯೆನ್ನುತ್ತಿದ್ದಾರೋ, ಕಡೆಗೆ ಆಸ್ಪತ್ರೆಗೆ ಓಡಿದ್ದು ಪೆಟ್ರೋಲ್ ಗಾಡಿಯಾದ್ದರಿಂದ ಅದೇ ಸರಿಯೆನ್ನುತ್ತಿದ್ದಾರೋ ಅವನಿಗೆ ಬಗೆಹರಿಯಲಿಲ್ಲ. ಹಾಳೆಯ ಮಡಿಕೆಯನ್ನು ಬಿಡಿಸುತ್ತ ಕೇಳಿದ.

"ಹಾಗಾದ್ರೆ ಬುದ್ಧಿ, ನಾನು ಮುರುಗಯ್ಯನಿಗೆ ಏನಂತ ಹೇಳಲಿ?"

ಗುರುಗಳು ಹೇಳಿದರು:

"ಮುರುಗಯ್ಯ ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದಾನೆ, ಕೊಟ್ರಯ್ಯ, ನಿನ್ನ ಕೋಣೆಗೂ ಅವನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ."