ಹೊಳೆ ಯಾರ ಪಾಲಿಗೆ?

ಕಡವಿನಾಳ ಎಂಬ ಊರು ಹೊಳೆಯ ಈಚೆ ದಡದಲ್ಲಿತ್ತು. ಶಾಲೆ ಆಚೆ ದಡದಲ್ಲಿತ್ತು. ಊರಿನ ಹನ್ನೊಂದು ಮಕ್ಕಳು ದಿನಾ ಹರಿಗೋಲು ಹತ್ತಿ ಶಾಲೆಗೆ ಹೋಗಿ, ಸಂಜೆ ಹರಿಗೋಲು ಹತ್ತಿಯೇ ಮನೆಗೆ ಬರುತ್ತಿದ್ದರು. ಹುಟ್ಟು ಹಾಕುವವನು ದ್ಯಾವಣ್ಣ. ಸಂಜೆ ಅವನದು ಎರಡು ಸರತಿ. ಮೊದಲ ಸರತಿಗೆ ಮಕ್ಕಳು, ಎರಡನೆಯದಕ್ಕೆ ಆಡು, ಕುರಿ, ಸಂತೆಯ ಗಂಟುಗಳು. ಪಾಠ ಒಪ್ಪಿಸದೆ ಶಾಲೆಯಲ್ಲಿ ಬಾಕಿ ಕೂತ ಮಕ್ಕಳೂ ಆಡುಗಳ ಜೊತೆಗೇ ಬರಬೇಕಿತ್ತು.

ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳು ಹುಲಿಗಿ. ಒಂಬತ್ತು ವರ್ಷದವಳು. ಪ್ರಶ್ನೆ ಕೇಳುವುದರಲ್ಲಿ ಮುಂದು, ಮಗ್ಗಿ ಹೇಳುವುದರಲ್ಲಿ ಹಿಂದು. ಅವಳ ತಾಯಿ ದುರುಗವ್ವ ಮನೆಯ ಕಟ್ಟೆಯ ಮೇಲೆ ಕೂತು ಮೀನಿನ ಬಲೆ ಹೆಣೆಯುತ್ತಿದ್ದಳು. ಊರಿನಲ್ಲಿ ಅವಳಷ್ಟು ಚೊಕ್ಕಟವಾಗಿ ಬಲೆ ಹೆಣೆಯುವವರು ಇರಲಿಲ್ಲ. ಅವಳಷ್ಟು ಬೇಗ ಸಿಟ್ಟಿಗೇಳುವವರೂ ಇರಲಿಲ್ಲ ಅನ್ನಿ. ಶಾಲೆಯ ಪಂಪಯ್ಯ ಮಾಸ್ತರು ಬಹಳ ಒಳ್ಳೆಯವರು. ಮಕ್ಕಳು ಹರಿಗೋಲು ಹತ್ತಿ ಈಚೆ ದಡ ಮುಟ್ಟುವ ತನಕ ದಡದಲ್ಲಿ ನಿಂತು ನೋಡುತ್ತಿದ್ದವರು. ಆದರೆ ಯಾರಾದರೂ ಎದುರು ಮಾತಾಡಿದರೆ ಅವರ ಮೂಗಿನ ತುದಿ ಕೆಂಪಾಗಿಬಿಡುತ್ತಿತ್ತು.

ಒಂದು ದಿನ ಮಾಸ್ತರು ದ್ಯಾವಣ್ಣನ ಹತ್ತಿರ, "ಹುಲಿಗಿ ಕಡಿಂದ ಮನ್ಯಾಗೂ ಚೂರು ಮಗ್ಗಿ ಹೇಳಿಸ್ಲಿ ಅಂತ ಅವರವ್ವಗ ಹೇಳಪ್ಪ" ಎಂದರು. ದ್ಯಾವಣ್ಣ ಕೆಟ್ಟವನಲ್ಲ. ಆದರೆ ಯಾವ ಮಾತಿಗೂ ಉಪ್ಪು ಖಾರ ಹಚ್ಚದೆ ಹೊಳೆ ದಾಟಿಸಿದವನಲ್ಲ. ಈಚೆ ಬರುವಷ್ಟರಲ್ಲಿ ಆ ಮಾತು, "ಮನ್ಯಾಗ ಹುಡುಗಿ ಕಡೆ ಯಾರೂ ಲಕ್ಷ್ಯನ ಕೊಡಾಂಗಿಲ್ಲಂತ" ಎಂದಾಗಿತ್ತು. ದುರುಗವ್ವ, "ನನಗ ಮಗ್ಗಿ ಬರಾಂಗಿಲ್ಲ, ಹೆಂಗ ಹೇಳಿಸ್ಲಿ?" ಎಂದಳು. ಅದು ಆಚೆ ಮುಟ್ಟಿದಾಗ, "ಕಲಿಸೋದು ನಿಮ್ಮ ಕೆಲಸ, ನಂದಲ್ಲಂತ" ಎಂದಾಗಿತ್ತು.

ಹೀಗೆ ನಾಲ್ಕು ದಿನ ಮಾತು ಆಚೆಗೀಚೆಗೆ ಓಡಾಡಿತು. ಐದನೆಯ ದಿನ ದುರುಗವ್ವ ಬಲೆ ಬಿಸುಟು ತಾನೇ ಹರಿಗೋಲು ಹತ್ತಿದಳು. ಶಾಲೆಯ ಬಾಗಿಲಿಗೆ ಹೋಗಿ ನಿಂತಳು.

"ಏನ್ರಿ ಮಾಸ್ತರ, ನನ್ನ ಮಗಳನ್ನ ನಾ ನೋಡಿಕೊಳ್ಳಾಂಗಿಲ್ಲೇನು?"

ಮಾಸ್ತರ ಮೂಗು ಕೆಂಪಾಯಿತು. "ನೋಡವ್ವ ದುರುಗವ್ವ, ಶಾಲಿ ಕಟ್ಟಿ ಇಳಿಯೋ ತನಕ ಹುಡುಗಿ ನನ್ನ ಜವಾಬ್ದಾರಿ. ಇಳಿದ ಮ್ಯಾಲ ನಿನ್ನ ಜವಾಬ್ದಾರಿ. ಇನ್ನ ಮ್ಯಾಲ ನಿಮ್ಮನಿ ಸುದ್ದಿಗೆ ನಾ ಬರಾಂಗಿಲ್ಲ."

"ಆತು ಬಿಡ್ರಿ. ನಮ್ಮ ದಡಕ್ಕ ಕಾಲಿಟ್ಟ ಮ್ಯಾಲ ಆಕಿ ನನ್ನಾಕಿ. ನಿಮ್ಮ ದಡದ ಸುದ್ದಿಗೆ ನಾನೂ ಬರಾಂಗಿಲ್ಲ."

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಇಬ್ಬರೂ ಸೇರಿ ಒಂಬತ್ತು ವರ್ಷದ ಹುಡುಗಿಯನ್ನು ಪಾಲು ಮಾಡಿಕೊಂಡರು. ಆಚೆ ದಡ ಮಾಸ್ತರಿಗೆ, ಈಚೆ ದಡ ತಾಯಿಗೆ. ನಡುವೆ ಹರಿಯುವ ಹೊಳೆ ಯಾರ ಪಾಲಿಗೂ ಬರಲಿಲ್ಲ. ದೊಡ್ಡವರಿಬ್ಬರಿಗೂ ಇದು ಹೊಳೆಯಲಿಲ್ಲ. ಮಾಸ್ತರು ಸಂಜೆ ದಡಕ್ಕೆ ಬಂದು ನಿಲ್ಲುವುದನ್ನು ಬಿಟ್ಟರು. ದುರುಗವ್ವ ಮಗಳನ್ನು ಕರೆಯಲು ದಡಕ್ಕೆ ಹೋಗುವುದನ್ನು ಬಿಟ್ಟು, ಕಟ್ಟೆಯ ಮೇಲೆ ಬಿಗುಮಾನದಿಂದ ಬಲೆ ಹೆಣೆಯುತ್ತ ಕೂತಳು.

ಹುಲಿಗಿಗೆ ಮಾತ್ರ ಎರಡೇ ದಿನದಲ್ಲಿ ಎಲ್ಲ ಅರ್ಥವಾಯಿತು: ಇವರಿಬ್ಬರೂ ಇನ್ನು ಒಬ್ಬರನ್ನೊಬ್ಬರು ಕೇಳುವುದಿಲ್ಲ, ಹೊಳೆಯ ನಡುವೆ ತನ್ನನ್ನು ನೋಡುವವರು ಯಾರೂ ಇಲ್ಲ. ಹೊಳೆಯ ನಡುವೆ ಒಂದು ಮಳಲಿನ ನಡುಗಡ್ಡೆ ಇತ್ತು. ನೀರು ಇಳಿದ ಕಾಲದಲ್ಲಿ ಅಲ್ಲಿ ಬಿಳಿ ಹೊಳೆಹಕ್ಕಿಗಳು ಮಳಲಿನ ಮೇಲೆಯೇ ಮೊಟ್ಟೆ ಇಡುತ್ತಿದ್ದವು. ಮೊಟ್ಟೆ ಒಡೆದು ಮರಿ ಬರುವುದನ್ನು ನೋಡಬೇಕೆಂಬುದು ಅವಳ ಆಸೆ. ಆಸೆಯಲ್ಲಿ ತಪ್ಪೇನಿಲ್ಲ. ದಾರಿ ತಪ್ಪಾಯಿತು.

"ದ್ಯಾವಣ್ಣ ಮಾವ, ಹಕ್ಕಿ ನೋಡಿಕೊಂಡು ಬಾ ಅಂತ ಮಾಸ್ತರು ಹೇಳ್ಯಾರ. ನನ್ನ ಇಲ್ಲೇ ಇಳಿಸು, ಮುಂದಿನ ಸರತಿಗೆ ಕರಕೊಂಡು ಹೋಗು" ಎಂದಳು, ಒಂದು ಸಂಜೆ ಹರಿಗೋಲು ನಡುಗಡ್ಡೆಯ ಹತ್ತಿರ ಬಂದಾಗ. ದ್ಯಾವಣ್ಣ ಇಳಿಸಿದ. ಕತ್ತಲಾಗುವ ಮುಂಚೆ ಹುಲಿಗಿ ಆಡುಗಳ ಜೊತೆ ಮನೆಗೆ ಬಂದು ತಾಯಿಗೆ, "ಮಾಸ್ತರು ಬಾಕಿ ಕುಂದ್ರಿಸಿದ್ರವ್ವ" ಎಂದಳು. ಉಳಿದ ಹತ್ತು ಮಕ್ಕಳಿಗೆ ಮರಿ ತೋರಿಸುತ್ತೇನೆಂದು ಆಸೆ ಹಚ್ಚಿದ್ದಳು. ಅವರು ತುಟಿ ಪಿಟಕ್ಕೆನ್ನಲಿಲ್ಲ.

ಹತ್ತು ದಿನ ಹೀಗೇ ನಡೆಯಿತು. ದಿನಾ ಮಗಳನ್ನು ಬಾಕಿ ಕೂರಿಸುತ್ತಾರೆಂದರೆ ಏನು ಕಥೆ ಎಂದು ದುರುಗವ್ವನಿಗೆ ಅನ್ನಿಸಿತು. ಒಂದು ಮಾತು ಕೇಳಿಸೋಣವೆಂದು ಬಾಯಿ ತನಕ ಬಂತು. ಆಚೆ ದಡದ ಸುದ್ದಿ ನನಗ್ಯಾಕೆ ಎಂದು ನುಂಗಿಕೊಂಡಳು. ಆಚೆ ದಡದಲ್ಲಿ ಮಾಸ್ತರಿಗೂ ಹುಲಿಗಿಯ ಲಂಗದ ಅಂಚಿಗೆ ದಿನಾ ಮಳಲು ಮೆತ್ತಿರುವುದು ಕಾಣುತ್ತಿತ್ತು. ತಾಯಿ ಇವಳನ್ನು ಮೀನಿನ ಕೆಲಸಕ್ಕೆ ಹಚ್ಚಿರಬೇಕೆಂದುಕೊಂಡರು. ಈಚೆ ದಡದ ಸುದ್ದಿ ನನಗ್ಯಾಕೆ ಎಂದು ಅವರೂ ಸುಮ್ಮನಾದರು.

ಹನ್ನೊಂದನೆಯ ದಿನ ದ್ಯಾವಣ್ಣ ಎಂದಿನಂತೆ ಹುಲಿಗಿಯನ್ನು ನಡುಗಡ್ಡೆಯಲ್ಲಿ ಇಳಿಸಿ, ಉಳಿದ ಮಕ್ಕಳನ್ನು ದಡಕ್ಕೆ ತಂದ. ಅಷ್ಟರಲ್ಲಿ ಅವನ ಮನೆಯಿಂದ ಕರೆ ಬಂತು, ಆಕಳು ಈಯಲು ಒದ್ದಾಡುತ್ತಿದೆ ಎಂದು. ಅವನು ಹುಟ್ಟನ್ನು ತನ್ನ ಭಾವಮೈದುನ ಸೋಮಣ್ಣನ ಕೈಗೆ ಕೊಟ್ಟು ಓಡಿದ. ಗಡಿಬಿಡಿಯಲ್ಲಿ ನಡುಗಡ್ಡೆಯ ಮಾತು ಹೇಳುವುದನ್ನೇ ಮರೆತ. ಸೋಮಣ್ಣ ಎರಡನೆಯ ಸರತಿಗೆ ಹೋಗಿ ಆಡು ಕುರಿ ತುಂಬಿಕೊಂಡು ನೆಟ್ಟಗೆ ವಾಪಸು ಬಂದ. ಮೊಟ್ಟೆಗಳ ಮೇಲೆಯೇ ಕಣ್ಣು ನೆಟ್ಟು ಬಗ್ಗಿ ಕೂತಿದ್ದ ಹುಲಿಗಿಗೆ ಹರಿಗೋಲು ಹೋದದ್ದು ಗೊತ್ತೇ ಆಗಲಿಲ್ಲ.

ಅದೇ ಹೊತ್ತಿಗೆ ಹೊಳೆಯ ಬಣ್ಣ ಬದಲಾಗುತ್ತಿತ್ತು. ಮೇಲೆಲ್ಲೋ ಅಕಾಲದ ಮಳೆಯಾಗಿತ್ತು. ನೊರೆ, ಕಸ, ಮುರಿದ ಟೊಂಗೆಗಳು ತೇಲಿ ಬರತೊಡಗಿದವು. ಕಟ್ಟೆಯ ಮೇಲೆ ಕೂತ ದುರುಗವ್ವನಿಗೆ ನೀರಿನ ಸದ್ದು ಬೇರೆಯಾಗಿ ಕೇಳಿತು. ಎದ್ದು ದಡಕ್ಕೆ ಬಂದಳು. ಸೋಮಣ್ಣ ಆಡುಗಳನ್ನು ಇಳಿಸುತ್ತಿದ್ದ.

"ಹುಲಿಗಿ ಎಲ್ಲೋ?"

"ನನ್ನ ಹರಗೋಲಿನ್ಯಾಗ ಮಕ್ಕಳು ಯಾರೂ ಬಂದಿಲ್ಲಕ್ಕ."

ಹಾಗಾದರೆ ಮಾಸ್ತರು ಉಳಿಸಿಕೊಂಡಿರಬೇಕು ಎಂದುಕೊಂಡಳು. ನೀರು ಏರಿದ ದಿನ ಬಾಕಿ ಕೂತ ಮಕ್ಕಳು ಮಾಸ್ತರ ಮನೆಯಲ್ಲೇ ಉಂಡು ಮಲಗುವುದು ವಾಡಿಕೆಯೇ. ದುರುಗವ್ವ ಮನೆಯ ಕಡೆ ತಿರುಗಿದಳು. ನಾಲ್ಕು ಹೆಜ್ಜೆ ನಡೆದಳು. ಕಾಲು ಮುಂದೆ ಬರಲಿಲ್ಲ. ಹುಡುಗಿ ಅಲ್ಲಿ ಇದ್ದಾಳೆಂದು ನನಗೆ ಹೇಳಿದವರು ಯಾರು? ಯಾರೂ ಹೇಳಿಲ್ಲ. ಕೇಳಬೇಕು. ಆದರೆ ಕೇಳಿದರೆ ತಾನೇ ಸೋತಂತೆ. ಆ ಮನುಷ್ಯನ ಮುಂದೆ ತಾನೇ ಮೊದಲು ಬಾಯಿ ತೆರೆಯಬೇಕಲ್ಲ. ಒಂದು ಕ್ಷಣ, ಬರೀ ಒಂದು ಕ್ಷಣ, ಅವಳು ಹಾಗೇ ನಿಂತಳು. ಆಮೇಲೆ ದಡದ ಬಂಡೆ ಹತ್ತಿ, ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು.

"ಮಾಸ್ತರಽಽ! ನನ್ನ ಮಗಳು ನಿಮ್ಮತ್ರ ಐದಾಳೇನ್ರೀ?"

ಪಂಪಯ್ಯ ಮಾಸ್ತರು ಶಾಲೆಗೆ ಬೀಗ ಹಾಕುತ್ತಿದ್ದರು. ಕೂಗು ಕೇಳಿ ಕೀಲಿಕೈ ಬಾಗಿಲಿಗೇ ಬಿಟ್ಟು ದಡಕ್ಕೆ ಓಡಿ ಬಂದರು.

"ಇಲ್ಲವ್ವಽಽ! ಶಾಲಿ ಬಿಟ್ಟಕೂಡ್ಲೆ ಹರಗೋಲು ಹತ್ತಿದ್ಲು! ಮನಿಗೆ ಬಂದಿಲ್ಲೇನು?"

ಆಚೆ ದಡದಲ್ಲಿ ಇಲ್ಲ, ಈಚೆ ದಡದಲ್ಲಿ ಇಲ್ಲ ಎಂದರೆ ಉಳಿದದ್ದು ಒಂದೇ ಜಾಗ. ಇಬ್ಬರೂ ಮೊದಲ ಸಲ ಹೊಳೆಯ ಕಡೆ ನೋಡಿದರು.

ನಡುಗಡ್ಡೆಯ ಈಚೆ ಬದಿಗೆ ಆಳೆತ್ತರದ ಹುಲ್ಲು ಬೆಳೆದಿತ್ತು. ದುರುಗವ್ವನಿಗೆ ಏನೂ ಕಾಣಲಿಲ್ಲ. ಆದರೆ ಶಾಲೆಯ ಬದಿಗೆ ಬರೀ ಮಳಲು. ಮಾಸ್ತರಿಗೆ ಒಂದು ಕೆಂಪು ಲಂಗ ಕಂಡಿತು.

"ದುರುಗವ್ವಾ! ನಡುಗಡ್ಡಿ ಮ್ಯಾಲ ಐದಾಳ! ಹರಗೋಲು ತರ್ರಿ, ಲಗೂನ ತರ್ರಿ!"

ಸೋಮಣ್ಣ ಹುಟ್ಟು ಹಿಡಿದ. ದುರುಗವ್ವ ಇನ್ನೊಂದು ಹುಟ್ಟು ಹಿಡಿದಳು. ನೀರಿನ ಸೆಳೆತ ಹರಿಗೋಲನ್ನು ಬುಗುರಿಯಂತೆ ತಿರುಗಿಸಿತು. ಹುಲ್ಲಿನ ಮರೆಯಲ್ಲಿ ಹುಡುಗಿ ಎಲ್ಲಿದ್ದಾಳೋ ಅವರಿಗೆ ತಿಳಿಯುತ್ತಿರಲಿಲ್ಲ. ಮಾಸ್ತರು ತಮ್ಮ ದಡದ ಗುಂಟ ಪಂಚೆ ಎತ್ತಿ ಕಟ್ಟಿ ಓಡುತ್ತ, "ಎಡಕ್ಕ ಬರ್ರಿ! ಇನ್ನೂ ಎಡಕ್ಕ! ಅಲ್ಲಿ ಬಂಡೆಗಲ್ಲು ಐತಿ, ಸುತ್ತು ಹಾಕ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದರು. ಅವರು ಕೂಗಿದ ಕಡೆಗೆ ದುರುಗವ್ವ ಹುಟ್ಟು ಹಾಕಿದಳು. ಹದಿನೈದು ದಿನದಿಂದ ಆ ದನಿ ಕೇಳಿದರೆ ಉರಿದು ಬೀಳುತ್ತಿದ್ದವಳು, ಈಗ ಆ ದನಿ ನಿಂತರೆ ಗತಿಯೇನೆಂದು ಹೆದರಿದಳು.

ಹುಲ್ಲು ದಾಟಿದಾಗ ಹುಲಿಗಿ ಕಂಡಳು. ನೀರು ಅವಳ ಮೊಣಕಾಲಿಗೆ ಬಂದಿತ್ತು. ದುರುಗವ್ವ ರಟ್ಟೆ ಹಿಡಿದು ಮಗಳನ್ನು ಹರಿಗೋಲಿಗೆ ಎಳೆದುಕೊಂಡಳು. ಸೆಳೆತ ಆಚೆಗಿದ್ದದ್ದರಿಂದ ಹರಿಗೋಲು ಶಾಲೆಯ ದಡಕ್ಕೇ ಹೋಗಿ ಮುಟ್ಟಿತು. ಮಾಸ್ತರು ಸೊಂಟದ ತನಕ ನೀರಿಗಿಳಿದು ಅದನ್ನು ಹಿಡಿದುಕೊಂಡರು.

ದಡ ಹತ್ತಿದ ಮೇಲೆ ದುರುಗವ್ವನ ಸಿಟ್ಟು ನೆತ್ತಿಗೇರಿತು. ಮಗಳಿಗೆ ಹೊಡೆಯಲು ಕೈ ಎತ್ತಿದಳು.

"ನಾ ಕೂಗಿದ್ದು ಕೇಳಿಸ್ಲಿಲ್ಲೇನು? ಇಷ್ಟು ನೀರು ಬಂದ್ರೂ ಓ ಅನ್ನಾಕ ಏನಾಗಿತ್ತು ನಿನಗ?"

ಹುಲಿಗಿ ಗಡಗಡ ನಡುಗುತ್ತ ಹೇಳಿದಳು. "ಕೇಳಿಸ್ತವ್ವ. ನೀನೂ ಮಾಸ್ತರೂ ಮಾತಾಡೋದು ಕೇಳಿಸ್ತು. ನಾ ಹೇಳಿದ ಸುಳ್ಳು ಇಬ್ರಿಗೂ ಗೊತ್ತಾತು ಅಂತ ಬಾಯಿ ಮುಚ್ಚಿಕೊಂಡು ಕುಂತೆ."

ಎತ್ತಿದ ಕೈ ಅಲ್ಲೇ ನಿಂತಿತು. ಮಗಳು ಏರುವ ಹೊಳೆಗೆ ಹೆದರಿರಲಿಲ್ಲ, ತಾಯಿಗೆ ಮತ್ತು ಮಾಸ್ತರಿಗೆ ಹೆದರಿದ್ದಳು. ಈ ಮಾತು ದುರುಗವ್ವನ ಕರುಳಿಗೆ ತಾಗಿತು. ಅವಳು ಮಗಳನ್ನು ಅಪ್ಪಿಕೊಂಡು ಮಳಲಿನ ಮೇಲೆಯೇ ಕುಸಿದು ಕೂತು ಅತ್ತಳು.

ಮಾಸ್ತರು ತಲೆ ತಗ್ಗಿಸಿ ನಿಂತಿದ್ದರು. "ಹತ್ತು ದಿನದಿಂದ ಲಂಗಕ್ಕ ಮಳಲು ಹತ್ತಿದ್ದು ನೋಡಿದೆ. ಕೇಳಲಿಲ್ಲ. ತಪ್ಪು ನಂದು, ದುರುಗವ್ವ."

"ನಾನರ ಎಲ್ಲಿ ಕೇಳಿದ್ನಿ, ಮಾಸ್ತರ? ದಿನಾ ಬಾಕಿ ಕುಂದ್ರಿಸ್ತಾರ ಅಂದ್ರ ನಂಬಿಕೊಂಡು ಸುಮ್ಮನ ಕುಂತೆ" ಎಂದಳು ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ.

ಹುಲಿಗಿ ಮೆಲ್ಲಗೆ, "ಮೊಟ್ಟಿ ಎಲ್ಲಾ ಕೊಚ್ಚಿಕೊಂಡು ಹೋದವು, ಮಾಸ್ತರ" ಎಂದಳು. ಮಾಸ್ತರು ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟರು. "ಹಕ್ಕಿ ಮತ್ತ ಇಡತಾವ. ನೋಡೂ ಆಸೆ ಇದ್ರ ನನಗ ಹೇಳು, ನಿಮ್ಮವ್ವಗ ಹೇಳು. ಎಲ್ಲಾರೂ ಕೂಡೇ ಹೋಗೂಣು" ಎಂದರು.

ಮರುದಿನದಿಂದ ಹೊಸ ಕ್ರಮ ಬಂತು. ಸಂಜೆ ಮಾಸ್ತರು ದಡಕ್ಕೆ ಬಂದು, ಹರಿಗೋಲು ಹತ್ತಿದ ಮಕ್ಕಳನ್ನು ಎಣಿಸಿ, "ಹನ್ನೊಂದು!" ಎಂದು ಕೂಗುತ್ತಿದ್ದರು. ಈಚೆ ದಡದಲ್ಲಿ ತಾಯಂದಿರು ಇಳಿದ ಮಕ್ಕಳನ್ನು ಎಣಿಸಿ, "ಹನ್ನೊಂದು!" ಎಂದು ಮರುಕೂಗು ಹಾಕಿದ ಮೇಲೆಯೇ ಅವರು ಶಾಲೆಗೆ ಬೀಗ ಹಾಕುವುದು. ಹುಲಿಗಿಗೆ ಏಟು ಬೀಳಲಿಲ್ಲ, ಕೆಲಸ ಬಿತ್ತು. ಹರಿಗೋಲಿನಲ್ಲಿ ಚಿಕ್ಕ ಮಕ್ಕಳನ್ನು ನಡುವೆ ಕೂರಿಸಿ, ನೀರು ದಾಟುವ ತನಕ ಯಾರೂ ಏಳದಂತೆ ನೋಡಿಕೊಳ್ಳುವುದು ಅವಳ ಪಾಲಿಗೆ ಬಂತು. ದ್ಯಾವಣ್ಣನಿಗೆ ಮಾಸ್ತರು ಕೈ ಮುಗಿದು, "ಇನ್ನ ಮ್ಯಾಲ ಮಕ್ಕಳನ್ನಷ್ಟ ದಾಟಿಸಪ್ಪ, ಮಾತು ನಾವ ದಾಟಿಸಿಕೊಳ್ತೀವಿ" ಎಂದರು.

ದುರುಗವ್ವ ಹದಿನೈದು ದಿನಕ್ಕೊಮ್ಮೆ ಶಾಲೆಗೆ ಹೋಗಿಬರತೊಡಗಿದಳು. "ನನಗ ಮಗ್ಗಿ ಬರಾಂಗಿಲ್ರಿ, ನಾಚಿಕಿ ಆಕ್ಕೈತಿ" ಎಂದು ಒಂದು ದಿನ ಮೆಲ್ಲಗೆ ಹೇಳಿದಳು. "ಬರಬೇಕಂತೇನೂ ಇಲ್ಲವ್ವ. ನೀ ಬಲಿ ಹೆಣೀತಾ ಕೇಳಿಸಿಕೋ. ಎಲ್ಲಿ ತಡವರಿಸ್ತಾಳ, ಅಲ್ಲಿ ಮತ್ತೊಮ್ಮೆ ಹೇಳಿಸು. ಅಷ್ಟ ಸಾಕು" ಎಂದರು ಮಾಸ್ತರು. ಅದು ಅವಳಿಗೆ ಚೆನ್ನಾಗಿ ಬಂತು. ತಡವರಿಕೆ ಹಿಡಿಯುವುದರಲ್ಲಿ ಅವಳ ಕಿವಿ ಬಹಳ ಚುರುಕು.

ತಿಂಗಳು ಕಳೆದಿರಬೇಕು. ಒಂದು ಸಂಜೆ ಹುಲಿಗಿ ಕಟ್ಟೆಯ ಹತ್ತಿರ ಬಂದು, ಯಾರೂ ಕೇಳದೆಯೇ, "ಯವ್ವಾ, ಇವತ್ತ ನಾ ಶಾಲ್ಯಾಗ ಒಂದು ಸುಳ್ಳು ಹೇಳಿದೆ. ನಾಳೆ ಮಾಸ್ತರ ಮುಂದ ಖರೇ ಹೇಳಬೇಕು. ನನ್ನ ಜೋಡಿ ಬರ್ತಿ?" ಎಂದು ಕೇಳಿದಳು.

ದುರುಗವ್ವ ಕೈಯಲ್ಲಿದ್ದ ಬಲೆ ಕೆಳಗಿಟ್ಟಳು. "ಬರ್ತೀನಿ. ಕುಂದ್ರು, ಮೊದಲು ನನಗ ಹೇಳು" ಎಂದಳು.

ನೀತಿ: ಮಗುವಿನ ಹೊಣೆಯನ್ನು ಮನೆಗಿಷ್ಟು, ಶಾಲೆಗಿಷ್ಟು ಎಂದು ಪಾಲು ಮಾಡಿಕೊಂಡರೆ ನಡುವಿನ ಜಾಗದಲ್ಲಿ ಮಗು ಒಂಟಿಯಾಗುತ್ತದೆ. ತಂದೆತಾಯಿಯೂ ಗುರುಗಳೂ ಬಿಗುಮಾನ ಬಿಟ್ಟು ಒಬ್ಬರನ್ನೊಬ್ಬರು ಕೇಳುತ್ತಿರಬೇಕು. ನಿಜ ಹೇಳಲು ಹೆದರದಂತೆ ಬೆಳೆದ ಮಗುವೇ ತನ್ನನ್ನೂ ಕಾಪಾಡಿಕೊಳ್ಳುತ್ತದೆ, ಜೊತೆಯವರನ್ನೂ ಕಾಪಾಡುತ್ತದೆ.